ಎರಡನೇ ಕುರ್ಚಿಯ ಉಸಿರು

ಹೋದ ತಿಂಗಳು ನೊಯ್ಡಾದ ಒಂದು ಕಚೇರಿಯವರು ನನ್ನನ್ನು ಕರೆಸಿದ್ದರು. ಸಿನಿಮಾಗಳಿಗೆ ಸಬ್‌ಟೈಟಲ್ ಬರೆಯುವ ಕಚೇರಿ. ಹೊಸದಾಗಿ ಸೇರಿದ ಮಕ್ಕಳಿಗೆ ಹಳೆಯ ಕಾಲದ ಅನುಭವ ಹೇಳಿ ಅಂದರು. ಹೇಳಿದೆ. ಕೊನೆಯಲ್ಲಿ ಮೈಸೂರು ಕಡೆಯ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಪರದೆ ಮೇಲೆ ಯಾರೂ ಮಾತಾಡದೇ ಇರುವಾಗ ನೀವೇನ್ ಮಾಡ್ತಿದ್ರಿ?" ಅಂತ ಕೇಳಿದಳು.

"ಮೂಗು ಒರೆಸಿಕೊಳ್ತಿದ್ದೆ ಕಣಮ್ಮ" ಅಂದೆ.

ಎಲ್ಲರೂ ನಕ್ಕರು. ನಾನೂ ನಕ್ಕು, ಅವರು ಕೊಟ್ಟ ಶಾಲು ಹೊದ್ದುಕೊಂಡು ಮೆಟ್ರೋ ಹತ್ತಿದೆ. ಆದರೆ ನಾನು ಹೇಳಿದ್ದು ತಮಾಷೆಯಲ್ಲ. ಆ ಮೂಗಿನಿಂದ ಒಬ್ಬ ಗೆಳೆಯನಿಗೆ ಏನೋ ಸಿಕ್ಕಿತು, ಆಮೇಲೆ ನನ್ನ ಹಟದಿಂದ ಅದು ಹೋಯಿತು. ಅಷ್ಟು ಜನರ ಮುಂದೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಆ ಹುಡುಗಿ ಓದಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೆಲಸಕ್ಕೆ ಸರಿಯಾದ ಹೆಸರೇ ಇರಲಿಲ್ಲ. ಕಾಗದದಲ್ಲಿ 'ಭಾಷಾ ಸಹಾಯಕ' ಅಂತ ಇತ್ತು. ದೆಹಲಿಯ ವಿಶ್ವವಿದ್ಯಾಲಯದಲ್ಲಿ ಪೂರ್ವ ಯುರೋಪಿನ ಒಂದು ಭಾಷೆ ಕಲಿತಿದ್ದೆ. ಅದನ್ನು ಯಾಕೆ ಕಲಿತೆ ಅಂದರೆ ಆ ತರಗತಿಯಲ್ಲಿ ಸೀಟು ಖಾಲಿ ಇತ್ತು, ಸ್ಕಾಲರ್‌ಶಿಪ್ ಕೊಡುತ್ತಿದ್ದರು. ಅದೇ ದೇಶದವರು ನಡೆಸುತ್ತಿದ್ದ ಸಾಂಸ್ಕೃತಿಕ ಕೇಂದ್ರದಲ್ಲಿ ನೌಕರಿಯೂ ಸಿಕ್ಕಿತು. ಮುಂದೆ ಆ ದೇಶವೇ ಹೋಳಾಗಿ ಹೋಯಿತು, ಕೇಂದ್ರ ಮುಚ್ಚಿತು. ಹಾಗಾಗಿ ಹೆಸರು ಹೇಳಿ ಪ್ರಯೋಜನವಿಲ್ಲ.

ಅಲ್ಲಿಂದ ಬರುತ್ತಿದ್ದ ಸಿನಿಮಾಗಳಿಗೆ ಸಬ್‌ಟೈಟಲ್ ಇರುತ್ತಿರಲಿಲ್ಲ. ಪ್ರೊಜೆಕ್ಟರ್ ಕೋಣೆಯ ಪಕ್ಕದಲ್ಲಿ ನನಗೊಂದು ಗೂಡು. ಮುಂದೆ ಒಂದು ಗಾಜು, ಗಾಜಿನಾಚೆ ಪರದೆ. ಕೈಯಲ್ಲಿ ಟೈಪ್ ಮಾಡಿದ ಸಂಭಾಷಣೆಯ ಹಾಳೆಗಳು, ಎದುರಿಗೆ ಮೈಕು. ಪಾತ್ರ ಬಾಯಿ ತೆರೆದ ಕೂಡಲೇ ಅದರ ಮಾತನ್ನು ನಾನು ಹಿಂದಿಯಲ್ಲೋ ಇಂಗ್ಲಿಷ್‌ನಲ್ಲೋ ಹೇಳಬೇಕು. ಹಾಲ್‌ನ ಸ್ಪೀಕರಿನಲ್ಲಿ ಅದು ಸಿನಿಮಾದ ಜೊತೆಗೇ ಕೇಳುತ್ತದೆ. ಗಂಡ, ಹೆಂಡತಿ, ಅತ್ತೆ, ಪೊಲೀಸ್, ತೊಟ್ಟಿಲ ಮಗುವಿನ ಅಜ್ಜಿ, ಎಲ್ಲರಿಗೂ ನನ್ನದೇ ಗಂಟಲು.

ತಪ್ಪುಗಳಿಗೇನೂ ಬರವಿರಲಿಲ್ಲ. ಒಮ್ಮೆ ಹಾಳೆಗಳ ಮೇಲೆ ಚಹಾ ಚೆಲ್ಲಿ ಎರಡು ಪುಟ ಅಂಟಿಕೊಂಡಿದ್ದವು. ಪರದೆಯ ಮೇಲೆ ಹುಡುಗ ನದಿಯ ದಂಡೆಯಲ್ಲಿ ಹುಡುಗಿಯ ಕೈ ಹಿಡಿದು ಏನೋ ಪಿಸುಗುಟ್ಟಿದ. ನಾನು ಮೈಕಿನಲ್ಲಿ, "ಇದರ ಹಲ್ಲು ತೋರಿಸು, ವಯಸ್ಸು ನೋಡಬೇಕು" ಅಂದೆ. ಅದು ಮುಂದೆ ಬರಲಿದ್ದ ಕುದುರೆ ಸಂತೆಯ ಮಾತು. ಹಾಲ್ ಬಿದ್ದು ಬಿದ್ದು ನಕ್ಕಿತಂತೆ. ಗಾಜಿನ ಹಿಂದೆ ಕೂತಿದ್ದ ನನಗೆ ಏನೂ ಕೇಳುತ್ತಿರಲಿಲ್ಲ.

ನನ್ನ ಮೇಲಿನ ಅಧಿಕಾರಿ ಭಟ್ನಾಗರ್ ಸಾಹೇಬರು ಮರುದಿನ ಕರೆಸಿದರು. ಬೈಯುವಾಗಲೂ ಪಾನ್ ಅಗಿಯುವುದನ್ನು ನಿಲ್ಲಿಸದ ಮನುಷ್ಯ. "ನೋಡು ಭಾಯಿ, ನೀನು ಕಿಟಕಿ ಗಾಜು. ಗಾಜು ಯಾರ ಕಣ್ಣಿಗೂ ಬೀಳಬಾರದು. ಪಾತ್ರ ಅತ್ತರೆ ನೀನು ಅಳಬೇಡ, ನಕ್ಕರೆ ನಗಬೇಡ. ಅವರು ಬಾಯಿ ಮುಚ್ಚಿದರೆ ನೀನೂ ಮುಚ್ಚು" ಅಂದರು. ಇಡೀ ವೃತ್ತಿಯಲ್ಲಿ ನನಗೆ ಸಿಕ್ಕ ತರಬೇತಿ ಅಷ್ಟೇ. ಅದು ಸಾಕಾಗಿತ್ತು ಅಂತ ಈಗ ಅನ್ನಿಸುತ್ತದೆ.

ನಮ್ಮಲ್ಲಿದ್ದ ಸಿನಿಮಾಗಳಲ್ಲಿ ಅತಿ ಹೆಚ್ಚು ಸಲ ತೋರಿಸಿದ್ದು ಒಂದು ಕಪ್ಪು-ಬಿಳುಪು ವಿಜ್ಞಾನ ಕಥೆ. ಅದರ ಹೆಸರನ್ನು ಕನ್ನಡಕ್ಕೆ ತಂದರೆ 'ಎರಡನೇ ಕುರ್ಚಿ' ಅನ್ನಬಹುದು. ಬಾಹ್ಯಾಕಾಶದಲ್ಲಿ ಬಹು ದೂರದ ಒಂದು ಠಾಣೆ. ಹೋಗಿ ಬರುವ ನೌಕೆಗಳಿಗೆ ದಾರಿ ತೋರಿಸುವ ದೀಪ ಆರದಂತೆ ನೋಡಿಕೊಳ್ಳಲು ಅಲ್ಲಿ ಒಬ್ಬ ಮನುಷ್ಯನಿದ್ದಾನೆ. ಠಾಣೆ ಕಟ್ಟಿದ್ದು ಇಬ್ಬರಿಗೆ. ಎರಡು ಮಂಚ, ಎರಡು ಲೋಟ, ಎರಡು ಕುರ್ಚಿ. ಇನ್ನೊಬ್ಬ ಬಂದಿದ್ದನೋ, ಬಂದು ಸತ್ತನೋ, ಅವನನ್ನು ಕಳಿಸಿಯೇ ಇರಲಿಲ್ಲವೋ, ಸಿನಿಮಾ ಹೇಳುವುದಿಲ್ಲ. ಈ ಮನುಷ್ಯ ದಿನವೂ ಎರಡು ಲೋಟಕ್ಕೂ ಚಹಾ ಸುರಿಯುತ್ತಾನೆ. ಒಂದು ದಿನ ಭೂಮಿಯಿಂದ ರೇಡಿಯೋದಲ್ಲಿ, "ಇಬ್ಬರೂ ಚೆನ್ನಾಗಿದ್ದೀರಾ?" ಅಂತ ಕೇಳುತ್ತಾರೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಚೆನ್ನಾಗಿದ್ದೇವೆ" ಅನ್ನುತ್ತಾನೆ. ಅದು ಕೊನೆಯ ಮಾತು. ಅಲ್ಲಿಂದ ಮುಂದೆ ಹತ್ತು ಹನ್ನೆರಡು ನಿಮಿಷ ಸದ್ದೇ ಇಲ್ಲ. ಕ್ಯಾಮೆರಾ ಠಾಣೆಯೊಳಗಿನ ಖಾಲಿ ಓಣಿಗಳಲ್ಲಿ ನಿಧಾನವಾಗಿ ಸಾಗಿ ಎರಡನೇ ಕುರ್ಚಿಯ ಬೆನ್ನ ಹಿಂದೆ ಬಂದು ನಿಲ್ಲುತ್ತದೆ. ಕುರ್ಚಿ ನಮ್ಮ ಕಡೆಗೆ ತಿರುಗಲು ಶುರುವಾಗುತ್ತದೆ. ಪೂರ್ತಿ ತಿರುಗುವ ಮೊದಲೇ ಸಿನಿಮಾ ಮುಗಿಯುತ್ತದೆ.

ಮುಖರ್ಜಿ ನಗರದ ಒಂದು ಕೋಚಿಂಗ್ ಸೆಂಟರಿನವರು ಒಮ್ಮೆ ಇದನ್ನು ತರಿಸಿಕೊಂಡಿದ್ದರು. ಮುಗಿದ ಮೇಲೆ ಐಎಎಸ್‌ಗೆ ಓದುವ ಹುಡುಗರು ನನ್ನನ್ನು ಸುತ್ತುವರಿದರು. "ಸರ್, ಆನ್ಸರ್ ಏನು? ಕುರ್ಚಿಯಲ್ಲಿ ಯಾರಿದ್ದಾರೆ?" ಉತ್ತರವಿಲ್ಲ ಅಂದೆ. ಒಬ್ಬನಿಗೆ ಸಿಟ್ಟೇ ಬಂತು. "ನಾಲ್ಕು ಆಪ್ಷನ್ ಆದ್ರೂ ಕೊಡಿ ಸರ್, ನಾವೇ ಟಿಕ್ ಮಾಡ್ತೀವಿ" ಅಂದ. ಇಂಥ ಸಿನಿಮಾವನ್ನು ಮೆಚ್ಚುವುದೆಂದರೆ ಟಿಕ್ ಮಾಡದೆ ಮನೆಗೆ ಹೋಗುವುದು ಅಂತ ದೊಡ್ಡ ಮಾತಾಡಿದೆ. ನನಗೇ ಅದು ಬರುತ್ತಿರಲಿಲ್ಲ.

ಈಗ ಸದಾಶಿವಯ್ಯನವರ ವಿಷಯ. ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ತುಮಕೂರಿನ ಕಡೆಯವರು. ಮುನಿರ್ಕಾದ ಎದುರಿಗೆ ರಾಮಕೃಷ್ಣಪುರದ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದರು. ನಾನಿದ್ದದ್ದು ಮುನಿರ್ಕಾದಲ್ಲಿ, ಬಾಡಿಗೆ ಕೋಣೆಯಲ್ಲಿ. ಬಸ್ ಸ್ಟಾಪಿನಲ್ಲಿ ಕನ್ನಡ ಪತ್ರಿಕೆ ಓದುತ್ತಿದ್ದವರನ್ನು ನೋಡಿ ನಾನೇ ಮಾತಾಡಿಸಿದ್ದೆ. ನನಗಿಂತ ಏಳೆಂಟು ವರ್ಷ ದೊಡ್ಡವರು, ಆದರೂ ನನ್ನನ್ನು 'ಶ್ಯಾಮರಾಯರೇ' ಅಂತ ಬಹುವಚನದಲ್ಲೇ ಕರೆಯುತ್ತಿದ್ದರು. ನನ್ನ ಸಿನಿಮಾಗಳಿಗೆ ಗಂಡ ಹೆಂಡತಿ ಇಬ್ಬರೂ ಬರುತ್ತಿದ್ದರು. ಲಲಿತಮ್ಮನವರಿಗೆ ಸಿನಿಮಾಕ್ಕಿಂತ ನನ್ನ ಗೂಡಿನ ಮೇಲೇ ಕರುಣೆ. "ಪಾಪ, ಅಷ್ಟು ಜನರ ಮಾತು ಒಬ್ಬನೇ ಆಡ್ತಾನೆ" ಅಂತ ಡಬ್ಬಿಯಲ್ಲಿ ಕೋಡುಬಳೆ ತರುತ್ತಿದ್ದರು.

ಒಂದು ಮಳೆಗಾಲದಲ್ಲಿ ಲಲಿತಮ್ಮ ತೀರಿಕೊಂಡರು. ಮಗಳು ಅನುಪಮಾ ಇನ್ನೂ ಶಾಲೆಯಲ್ಲಿದ್ದಳು. ಸದಾಶಿವಯ್ಯನವರು ಅಡುಗೆ ಕಲಿತರು, ಮಗಳ ಜಡೆ ಹಾಕಲು ಕಲಿತರು. ಸಿನಿಮಾಕ್ಕೆ ಬರುವುದನ್ನು ಬಿಟ್ಟರು. ಚಳಿಗಾಲ ಬಂದಾಗ ನಾನೇ ಬಲವಂತ ಮಾಡಿ ಕರೆತಂದೆ. ಆ ಸಂಜೆ ಹಾಕಿದ್ದು 'ಎರಡನೇ ಕುರ್ಚಿ'. ಅದೊಂದನ್ನು ಅವರು ಅದುವರೆಗೆ ನೋಡಿರಲಿಲ್ಲ.

ನನಗೆ ಅವತ್ತು ಕೆಟ್ಟ ನೆಗಡಿ. ದೆಹಲಿಯ ಜನವರಿಯ ಮಂಜು ಎದೆಗಿಳಿದು ಗೊರಗೊರ ಅನ್ನುತ್ತಿತ್ತು. ಮೈಕಿನ ಗುಂಡಿಯನ್ನು ಒತ್ತಿ ಹಿಡಿದರೆ ಮಾತ್ರ ಅದು ಕೆಲಸ ಮಾಡುತ್ತಿದ್ದುದು. ಹೆಬ್ಬೆರಳು ನೋಯುತ್ತದೆಂದು ನಾನು ಗುಂಡಿಗೆ ರಬ್ಬರ್ ಬ್ಯಾಂಡ್ ಬಿಗಿಯುವ ಅಭ್ಯಾಸ ಮಾಡಿಕೊಂಡಿದ್ದೆ. ಮಾತಿಲ್ಲದ ಕಡೆ ಅದನ್ನು ತೆಗೆಯಬೇಕು. "ಚೆನ್ನಾಗಿದ್ದೇವೆ" ಅಂದು ಮುಗಿಸಿದವನು ಅವತ್ತು ಗೋಡೆಗೊರಗಿ ಕಣ್ಣು ಮುಚ್ಚಿದೆ. ರಬ್ಬರ್ ಬ್ಯಾಂಡ್ ಮರೆತೇಹೋಯಿತು.

ಪರದೆಯ ಮೇಲೆ ಖಾಲಿ ಓಣಿ. ಹಾಲ್ ತುಂಬ ನನ್ನ ಉಸಿರು. ಒಳಗೆ ಹೋಗುವುದು, ತಡೆದು ನಿಲ್ಲುವುದು, ಭಾರವಾಗಿ ಹೊರಬರುವುದು. ಕುರ್ಚಿ ತಿರುಗುವ ಹೊತ್ತಿಗೆ ನನಗೆ ಎಚ್ಚರವಾಗಿ ಉಸಿರು ಒಮ್ಮೆಗೇ ನಿಂತಿತಂತೆ. ದೀಪ ಹತ್ತಿದ ಮೇಲೂ ಯಾರೂ ಕದಲಲಿಲ್ಲ ಅಂತ ಆಮೇಲೆ ಕೇಳಿದೆ.

ನಾನು ಕ್ಷಮೆ ಕೇಳಲು ಓಡಿ ಬಂದರೆ ಚರ್ಚೆ ಶುರುವಾಗಿಬಿಟ್ಟಿತ್ತು. ಒಬ್ಬ ಪ್ರೊಫೆಸರು, ಆ ಉಸಿರು ಠಾಣೆಯದೇ ಅಂದರು. ಇನ್ನೊಬ್ಬರು ದೇವರದು ಅಂದರು. ಭಟ್ನಾಗರ್ ಸಾಹೇಬರು ನನ್ನ ತೋಳು ಹಿಡಿದು ಮೂಲೆಗೆ ಎಳೆದು, "ಬಾಯಿ ಮುಚ್ಚು. ಮುಂದಿನ ಶೋದಲ್ಲೂ ಇದು ಬೇಕು" ಅಂದರು. ಗಾಜು ಕಾಣಬಾರದು ಅಂದವರೇ ಅವರು! ಅಂದಿನಿಂದ ನೆಗಡಿ ಇರಲಿ ಬಿಡಲಿ, ಆ ಜಾಗದಲ್ಲಿ ಉಸಿರಾಡುವುದು ನನ್ನ ಡ್ಯೂಟಿಯಾಯಿತು. ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಚಪರಾಸಿ ಕೂಡ ಗೇಲಿ ಮಾಡುತ್ತಿದ್ದ.

ಸದಾಶಿವಯ್ಯನವರಿಗೆ ಅದೇ ಸಂಜೆ ಬಸ್ಸಿನಲ್ಲಿ ಹೇಳಿದೆ. "ಅದು ನಾನು ಕಣ್ರೀ. ನೆಗಡಿ. ಮೈಕ್ ಆಫ್ ಮಾಡೋದು ಮರೆತೆ."

ಅವರು ಕಿಟಕಿಯಾಚೆ ನೋಡುತ್ತಿದ್ದವರು ಮೆಲ್ಲಗೆ ನಕ್ಕರು. ಲಲಿತಮ್ಮ ಹೋದ ಮೇಲೆ ಅವರು ನಕ್ಕದ್ದು ನಾನು ನೋಡಿದ್ದು ಅದೇ ಮೊದಲು. "ನೀವೂ ಉಸಿರಾಡಿರಬಹುದು ಶ್ಯಾಮರಾಯರೇ, ಬೇಡ ಅಂದವರು ಯಾರು? ಆದ್ರೆ ಅಲ್ಲಿ ಯಾರೋ ಇದ್ರು. ನನಗೆ ಗೊತ್ತಾಗುತ್ತೆ. ಪಕ್ಕದಲ್ಲಿ ಒಬ್ಬರು ಮಲಗಿ ಉಸಿರಾಡೋದನ್ನ ಹದಿನಾಲ್ಕು ವರ್ಷ ಕೇಳಿದವನು ನಾನು."

"ಅಯ್ಯೋ, ಮೈಕ್ ನನ್ನ ಕೈಲಿತ್ತು ಸ್ವಾಮಿ!"

"ಮೈಕ್ ನಿಮ್ಮ ಕೈಲಿತ್ತು. ಪರದೆ ನಿಮ್ಮ ಕೈಲಿತ್ತೇ?"

ಆ ಜಗಳ ಅಲ್ಲಿಂದ ಶುರುವಾಗಿ ನಮ್ಮಿಬ್ಬರ ಕೂದಲು ಬೆಳ್ಳಗಾಗುವವರೆಗೆ ನಡೆಯಿತು. ಭಾನುವಾರ ಬೆಳಿಗ್ಗೆ ನಾನು ಅವರ ಮನೆಗೆ ಹೋಗುವುದು, ಅವರು ಫಿಲ್ಟರ್ ಕಾಫಿ ಮಾಡುವುದು, ಬಾಲ್ಕನಿಯಲ್ಲಿ ಕೂತು ಅದೇ ಸಿನಿಮಾ ಎಳೆದಾಡುವುದು. ಬಾಲ್ಕನಿಯಲ್ಲಿ ಎರಡು ಕುರ್ಚಿಗಳಿದ್ದವು. ಒಂದರಲ್ಲಿ ಅವರು. ಇನ್ನೊಂದು ಲಲಿತಮ್ಮನವರದು, ಅದರಲ್ಲಿ ಯಾರೂ ಕೂರುತ್ತಿರಲಿಲ್ಲ. ಕೂರಬೇಡಿ ಅಂತ ಯಾರೂ ಹೇಳಿದ್ದಲ್ಲ. ನಾನು ಒಳಗಿನಿಂದ ಬೆತ್ತದ ಸ್ಟೂಲು ತಂದುಕೊಳ್ಳುತ್ತಿದ್ದೆ. ಆ ಸ್ಟೂಲಿನ ಮೇಲೆ ಕೂತು, ಬೆನ್ನು ನೋಯಿಸಿಕೊಂಡು, ಸಿನಿಮಾದಲ್ಲಿ ಯಾರೂ ಇರಲಿಲ್ಲ ಅಂತ ವಾದ ಮಾಡುತ್ತಿದ್ದೆ.

ನನಗೆ ಏನು ಬೇಕಾಗಿತ್ತು? ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಜಗತ್ತಿನಲ್ಲಿ ನನಗೆ ಖಚಿತವಾಗಿ ಗೊತ್ತಿದ್ದ ವಿಷಯ ಅದೊಂದೇ. ಜೀವಮಾನವೆಲ್ಲ ಬೇರೆಯವರ ಮಾತಾಡಿದವನು ನಾನು. ನನ್ನದೇ ಅಂತ ಆ ಹಾಲ್‌ನಲ್ಲಿ ಕೇಳಿಸಿದ್ದು ಆ ಉಸಿರು ಮಾತ್ರ. ಅದನ್ನೂ ಈ ಮನುಷ್ಯ ಇನ್ಯಾರದೋ ಅನ್ನುತ್ತಾನಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು.

ಕಾಲ ಬದಲಾಯಿತು. ವಿಡಿಯೋ ಕ್ಯಾಸೆಟ್ ಬಂತು, ಸಬ್‌ಟೈಟಲ್ ಬಂತು, ನನ್ನ ಗೂಡನ್ನು ಒಡೆದು ಜೆರಾಕ್ಸ್ ಮಷೀನು ಇಟ್ಟರು. ಕೇಂದ್ರ ಮುಚ್ಚಿದಾಗ ಸಿನಿಮಾ ಪ್ರಿಂಟ್‌ಗಳೆಲ್ಲ ವಾಪಸು ಹೋದವು. ನಾನು ಕಾರ್ಖಾನೆಗಳ ಕೈಪಿಡಿ ಅನುವಾದಿಸಿ ದಿನ ದೂಡಿ ನಿವೃತ್ತನಾದೆ. ಈಗ ಯಂತ್ರಗಳೇ ಅನುವಾದ ಮಾಡುತ್ತವಂತೆ. ಮಾಡಲಿ, ಅವಕ್ಕೆ ನೆಗಡಿಯಂತೂ ಆಗುವುದಿಲ್ಲ. ಸದಾಶಿವಯ್ಯನವರು ನಿವೃತ್ತರಾಗಿ ದ್ವಾರಕಾದಲ್ಲಿ ಫ್ಲ್ಯಾಟ್ ಕೊಂಡರು. ಎರಡು ಕುರ್ಚಿಗಳೂ ಅಲ್ಲಿನ ಬಾಲ್ಕನಿಗೆ ಹೋದವು. ನಾನೂ ಅಲ್ಲೇ ಎರಡು ಸೆಕ್ಟರ್ ಆಚೆ ಮನೆ ಮಾಡಿದೆ. ಜಗಳ ಮುಂದುವರಿಯಿತು.

ಎರಡು ವರ್ಷದ ಹಿಂದೆ ಪತ್ರಿಕೆಯಲ್ಲಿ ಒಂದು ಸುದ್ದಿ ನೋಡಿದೆ. 'ಎರಡನೇ ಕುರ್ಚಿ'ಯ ಹಳೆಯ ರೀಲನ್ನು ಯುರೋಪಿನಲ್ಲಿ ಯಾರೋ ಗೆರೆ, ಕಲೆ ತೆಗೆದು ಹೊಸದು ಮಾಡಿದ್ದಾರೆ, ಗುರುಗ್ರಾಮದ ಒಂದು ಮಲ್ಟಿಪ್ಲೆಕ್ಸಿನಲ್ಲಿ ಪ್ರದರ್ಶನವಿದೆ. ಇಂಗ್ಲಿಷ್ ಸಬ್‌ಟೈಟಲ್ ಸಮೇತ, ಅಂದರೆ ನಾನಿಲ್ಲದೆ. ಪತ್ರಿಕೆ ಹಿಡಿದುಕೊಂಡು ಅವರ ಮನೆಗೆ ಓಡಿದೆ. "ಬನ್ನಿ, ಈಗ ತೀರ್ಮಾನ ಆಗಿಹೋಗಲಿ" ಅಂದೆ.

ಅನುಪಮಾ ಅವತ್ತು ಅಲ್ಲೇ ಇದ್ದಳು. ಈಗ ಅವಳು ಮಾನೇಸರ್‌ನ ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಮ್ಯಾನೇಜರ್. ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿ, "ಅಂಕಲ್, ರಹನೇ ದೀಜಿಯೇ ನಾ. ಬಿಟ್ಟುಬಿಡಿ, ಪ್ಲೀಸ್. ಅಪ್ಪನಿಗೆ ಅದು ಹಾಗೇ ಇರ್ಲಿ. ನೀವೇ ಸರಿ, ಎಲ್ಲರಿಗೂ ಗೊತ್ತು" ಅಂದಳು.

"ನಿಮ್ಮಪ್ಪನಿಗೆ ಗೊತ್ತಿಲ್ಲವಲ್ಲ" ಅಂದೆ ನಾನು. ಅವಳು ಫೋನ್ ತೆಗೆದು ಟಿಕೆಟ್ ಬುಕ್ ಮಾಡಿದಳು. ಅವಳ ಮಾತು ಕೇಳಬೇಕಿತ್ತು.

ಮಧ್ಯಾಹ್ನದ ಆಟ. ಮುಂದಿನ ಸಾಲಿನಲ್ಲಿ ಕಂಪನಿಗಳಲ್ಲಿ ಕೆಲಸ ಮಾಡುವ ಯುವಕ ಯುವತಿಯರು ಪಾಪ್‌ಕಾರ್ನ್ ಹಿಡಿದು ಕೂತಿದ್ದರು. ಚಿತ್ರ ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು. ನಿಜ ಹೇಳಬೇಕೆಂದರೆ ಆ ಸಿನಿಮಾವನ್ನು ನಾನು ನೋಡಿದ್ದು ಅದೇ ಮೊದಲು. ಅಷ್ಟು ವರ್ಷ ನನ್ನ ಕಣ್ಣು ಹಾಳೆಯ ಮೇಲಿತ್ತು, ಪಾತ್ರಗಳ ತುಟಿಯ ಮೇಲಿತ್ತು. ಚಹಾ ಸುರಿಯುವಾಗ ಆ ಮನುಷ್ಯ ಎರಡನೇ ಲೋಟಕ್ಕೆ ಮೊದಲು ಸುರಿಯುತ್ತಾನೆ ಅನ್ನುವುದು ಕೂಡ ನನಗೆ ಗೊತ್ತಿರಲಿಲ್ಲ.

"ಚೆನ್ನಾಗಿದ್ದೇವೆ" ಅನ್ನುವ ಅಕ್ಷರಗಳು ಬಂದು ಹೋದವು. ನಿಶ್ಶಬ್ದ ಶುರುವಾಯಿತು.

ಪಾಪ್‌ಕಾರ್ನ್ ಅಗಿಯುವುದು ನಿಂತಿತು. ಓಣಿ ಸಾಗುತ್ತಿತ್ತು, ಸದ್ದಿಲ್ಲ. ನಾನು ಗೆದ್ದ ಖುಷಿಯಲ್ಲಿ ಪಕ್ಕಕ್ಕೆ ತಿರುಗಿದೆ. ಸದಾಶಿವಯ್ಯನವರು ಚೆನ್ನಾಗಿ ಕೇಳುವ ಬಲಗಿವಿಯನ್ನು ಪರದೆಯ ಕಡೆ ಮಾಡಿ, ಕುತ್ತಿಗೆ ಚಾಚಿ ಕೂತಿದ್ದರು. ಪಕ್ಕದ ಕೋಣೆಯಲ್ಲಿ ಯಾರೋ ಕರೆದ ಹಾಗಾದಾಗ ನಾವು ಕೂರುವುದು ಹಾಗೆ. ಒಂದು ನಿಮಿಷ, ಎರಡು ನಿಮಿಷ. ಆಮೇಲೆ ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡರು. ನನ್ನ ಖುಷಿ ಇಳಿದುಹೋಯಿತು. ಉಸಿರಾಡಿಬಿಡಲೇ ಅಂತ ಅನ್ನಿಸಿತು. ಬಾಯಿ ಕೂಡ ತೆರೆದೆ. ಮುಂದಿನವರು ತಿರುಗಿ ನೋಡುತ್ತಾರೆ ಅನ್ನುವ ಸಂಕೋಚಕ್ಕೆ ಮುಚ್ಚಿಕೊಂಡೆ. ಕುರ್ಚಿ ತಿರುಗಲು ಶುರುವಾದಾಗ ಅವರು ಕೈಯನ್ನು ತೊಡೆಯ ಮೇಲೆ ಇಳಿಸಿದ್ದರು.

ಹೊರಗೆ ಮಾಲ್‌ನ ಬೆಂಚಿನ ಮೇಲೆ ಕೂತೆವು. ಅವರು ಕನ್ನಡಕ ಒರೆಸಿ ಹಾಕಿಕೊಂಡರು. "ನೀವೇ ಸರಿ ಶ್ಯಾಮರಾಯರೇ. ಅಲ್ಲಿ ಯಾರೂ ಇಲ್ಲ" ಅಂದರು. ಸಿಟ್ಟಿಲ್ಲ, ಕೊಂಕಿಲ್ಲ. ಕಚೇರಿಯ ಕಡತ ಮುಗಿಸಿದ ಹಾಗೆ ಹೇಳಿದರು.

"ಹಾಗೇನಿಲ್ಲ, ಡೈರೆಕ್ಟರು ಬೇಕೂಂತಲೇ ಸದ್ದು ತೆಗೆದಿದ್ದಾನೆ, ಯಾರು ಏನು ಬೇಕಾದರೂ ಕೇಳಿಸಿಕೊಳ್ಳಲಿ ಅಂತ" ಅಂದೆ. ಅದು ನಿಜ ಕೂಡ. ಆ ನಿಶ್ಶಬ್ದ ನನ್ನ ಉಸಿರಿಗಿಂತ ಎಷ್ಟೋ ದೊಡ್ಡದು ಅಂತ ನನಗೆ ಅವತ್ತೇ ಕಂಡಿತ್ತು. ಆದರೆ ಜೀವನವಿಡೀ ಎದುರು ವಾದ ಮಾಡಿದವನ ಬಾಯಲ್ಲಿ ಆ ಮಾತು ಸಮಾಧಾನದ ಹಾಗೆ ಕೇಳಿತು. ಅವರು ತಲೆಯಾಡಿಸಿ, "ಚಲೋ, ಮೆಟ್ರೋ ತುಂಬೋ ಮೊದಲು ಹೋಗೋಣ" ಅಂದರು.

ಮುಂದಿನ ಭಾನುವಾರ ಹೋದೆ. ಕಾಫಿ ಸಿದ್ಧವಾಯಿತು. ನಾನು ಅಭ್ಯಾಸದಂತೆ ಸ್ಟೂಲು ತರಲು ಒಳಗೆ ಹೊರಟೆ. "ಅದ್ಯಾಕೆ ಬೆನ್ನು ನೋವು ಮಾಡ್ಕೋತೀರಿ? ಇಲ್ಲೇ ಕೂತ್ಕೊಳ್ಳಿ, ಖಾಲಿನೇ ಇದೆಯಲ್ಲ" ಅಂತ ಅವರು ಲಲಿತಮ್ಮನವರ ಕುರ್ಚಿಯನ್ನು ನನ್ನ ಕಡೆ ಎಳೆದರು.

ಕೂತೆ. ಕೂತು ಕಾಫಿ ಕುಡಿದೆ. ಅವತ್ತು ಹವೆಯ ಬಗ್ಗೆ ಮಾತಾಡಿದೆವು, ಪಿಂಚಣಿಯ ಬಗ್ಗೆ ಮಾತಾಡಿದೆವು. ಸಿನಿಮಾದ ಮಾತು ನಾನು ತೆಗೆದರೂ ಅವರು, "ಅದು ಮುಗೀತಲ್ಲ" ಅಂದರು. ಆ ಜಗಳಕ್ಕಾಗಿ ನಾನು ಎಷ್ಟು ಹಂಬಲಿಸಿದೆ ಅಂತ ಹೇಳಿದರೆ ನೀವು ನಂಬಲಾರಿರಿ.

ವರ್ಷ ಕಳೆಯುವುದರೊಳಗೆ ಅವರ ಕಣ್ಣು ಪೂರ್ತಿ ಮಂಜಾಯಿತು. ಅನುಪಮಾ ತನ್ನ ಗುರುಗ್ರಾಮದ ಮನೆಗೆ ಕರೆದೊಯ್ದಳು. ಈ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ನೋಡಲು ಹೋದೆ. ಮಂಚದಲ್ಲಿ ಒರಗಿ ಕೂತಿದ್ದರು. ಮಾತಿಗೆ ಮಾತು ಸೇರುತ್ತಿರಲಿಲ್ಲ. ಅಷ್ಟರಲ್ಲಿ ನನಗೊಂದು ಯೋಚನೆ ಬಂತು.

"ಸಿನಿಮಾ ಹೇಳಲೇ?" ಅಂದೆ.

"ಯಾವುದು?"

"ನಮ್ಮದೇ."

ಅವರು ಬೇಡ ಅನ್ನಲಿಲ್ಲ. ಅನುಪಮಾ ಬಾಗಿಲಲ್ಲಿ ನಿಂತಳು. ನಾನು ಗೂಡಿನಲ್ಲಿ ಕೂತ ಹಾಗೆ ಬೆನ್ನು ನೆಟ್ಟಗೆ ಮಾಡಿ ಶುರು ಮಾಡಿದೆ. ಹಾಳೆಯಿಲ್ಲ, ಮೈಕಿಲ್ಲ, ಪರದೆಯೂ ಇಲ್ಲ. ಮಾತುಗಳೆಲ್ಲ ನೆನಪಿದ್ದವು. ಜೀವನದಲ್ಲಿ ಮೊದಲ ಬಾರಿ ಅದನ್ನು ಕನ್ನಡದಲ್ಲಿ ಹೇಳಿದೆ. ಎರಡನೇ ಲೋಟಕ್ಕೆ ಮೊದಲು ಸುರಿಯುವುದನ್ನೂ ಹೇಳಿದೆ. ರೇಡಿಯೋ ಕೇಳಿತು, "ಇಬ್ಬರೂ ಚೆನ್ನಾಗಿದ್ದೀರಾ?" ನಾನು ಬಹಳ ಹೊತ್ತು ಸುಮ್ಮನಿದ್ದು, "ಚೆನ್ನಾಗಿದ್ದೇವೆ" ಅಂದೆ.

ಆಮೇಲೆ ಉಸಿರಾಡಿದೆ. ಆ ಜನವರಿಯಲ್ಲಿ ಆಡಿದ ಹಾಗೆಯೇ. ಒಳಗೆ ಎಳೆದುಕೊಂಡು, ತಡೆದು ನಿಲ್ಲಿಸಿ, ಭಾರವಾಗಿ ಹೊರಗೆ ಬಿಟ್ಟೆ. ಮತ್ತೆ, ಮತ್ತೆ. ಅವರ ಮುಖವನ್ನೇ ನೋಡುತ್ತಿದ್ದೆ. "ಯಾರದು ಅದು?" ಅಂತ ಅವರು ಕೇಳಲಿ, ಈ ಸಲ "ನಾನಲ್ಲ" ಅನ್ನುತ್ತೇನೆ ಅಂತ ಸಿದ್ಧನಾಗಿದ್ದೆ. ದೇವರಾಣೆ ಹಾಕಬೇಕೆಂದರೂ ಹಾಕುತ್ತಿದ್ದೆ.

ಸದಾಶಿವಯ್ಯನವರು ಬಹಳ ಹೊತ್ತು ಕೇಳಿದರು. ಕೈ ಚಾಚಿ ತಡಕಾಡಿ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಶ್ಯಾಮರಾಯರೇ, ನಿಮಗೆ ಆ ನೆಗಡಿ ಇನ್ನೂ ಹೋಗಿಲ್ಲ. ಅನೂ, ಅಂಕಲ್‌ಗೆ ಸ್ವಲ್ಪ ಬಿಸಿನೀರು ಕೊಡಮ್ಮ" ಅಂದರು.